ಕೇಶಾಪೇಕ್ಷೆಯೂ ಪ್ರಾಣರಕ್ಷೆಯೂ

ಲೋಕದಲ್ಲಿ ಕೆಲವು ವ್ಯಾಧಿಗಳಿಗೆ ಕನಿಕರವು ದೊರೆಯುತ್ತದೆ. ಕೆಲವಕ್ಕೆ ನಗೆಯು ದೊರೆಯುತ್ತದೆ. ಜ್ವರದಿಂದ ನರಳುವವನ ಮನೆಗೆ ನೆರೆಯವರು ಗಂಜಿಯನ್ನು ತಂದುಕೊಡುತ್ತಾರೆ. ಹೃದ್ರೋಗಿಯ ಮುಂದೆ ಧ್ವನಿಯನ್ನು ತಗ್ಗಿಸಿ ಮಾತನಾಡುತ್ತಾರೆ. ತಲೆಯ ಕೂದಲನ್ನು ಕಳೆದುಕೊಂಡವನಿಗಾದರೋ ಈ ಎರಡು ಉಪಚಾರಗಳೂ ಇಲ್ಲ. ಅವನನ್ನು ಕಂಡೊಡನೆ ಕನ್ನಡಿ, ಚಂದ್ರಬಿಂಬ, ತಾಮ್ರದ ಚೊಂಬು ಮೊದಲಾದ ಉಪಮಾನಗಳು ಎಲ್ಲರ ನಾಲಗೆಗೂ ಬರುತ್ತವೆ. ಅಲಂಕಾರಶಾಸ್ತ್ರದ ಹೆಸರನ್ನು ಕೇಳದವನೂ ಆ ಹೊತ್ತಿಗೆ ಕವಿಯಾಗುತ್ತಾನೆ. ದೊಡ್ಡವರೂ ಇದಕ್ಕೆ ಹೊರತಲ್ಲ. ದೈವಹತನಾದವನಿಗೆ ಎಲ್ಲಿ ಹೋದರೂ ಆಪತ್ತು ತಪ್ಪದೆಂದು ನೀತಿಶತಕದಲ್ಲಿ ತೋರಿಸಬೇಕಾದಾಗ ಭರ್ತೃಹರಿಯು, ಬಿಸಿಲಿಗೆ ಬೆಂದು ಮರದ ಬುಡವನ್ನು ಸೇರಿ, ಮೇಲಿನಿಂದ ಬಿದ್ದ ಹಣ್ಣಿನಿಂದ ತಲೆಯೊಡೆಸಿಕೊಂಡ ಬೋಳುತಲೆಯವನನ್ನೇ ಆರಿಸಿಕೊಂಡನು. ಶ್ಲೋಕದ ತಾತ್ಪರ್ಯವೇನೋ ಗಂಭೀರವಾದದ್ದು. ಪಾಠಶಾಲೆಯ ಹುಡುಗರು ಮಾತ್ರ ಅದನ್ನು ನಗುವುದಕ್ಕಾಗಿಯೇ ಬಾಯಿಪಾಠ ಮಾಡುವುದುಂಟು.

ಈ ನಗೆಯು ಯಾರಿಗೂ ಕೇಡನ್ನುಂಟುಮಾಡದ ವಿನೋದವೆಂದು ಸಾಮಾನ್ಯವಾದ ನಂಬಿಕೆ. ಅದು ದಿಟವೇ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಒಬ್ಬ ಗೃಹಸ್ಥನನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು. ವಯಸ್ಸು ನಲವತ್ತೆರಡು. ತಂದೆಗೂ ಸೋದರಮಾವನಿಗೂ ನಡುವಯಸ್ಸಿನೊಳಗೇ ತಲೆಯು ಬೋಳಾಗಿತ್ತು. ಇವನಿಗೂ ಹಣೆಯ ಎರಡು ಪಕ್ಕಗಳಲ್ಲಿ ಕೂದಲು ಹಿಂದೆ ಸರಿದು ನೆತ್ತಿಯು ತೆಳುವಾಗುತ್ತಿದೆ. ಇದರೊಡನೆ ಐದು ವರ್ಷಗಳಿಂದ ರಕ್ತದ ಒತ್ತಡದ ವ್ಯಾಧಿಯೂ ಸೇರಿಕೊಂಡಿದೆ. ಬೆಳಗ್ಗೆ ಒಂದು, ರಾತ್ರಿ ಒಂದು ಮಾತ್ರೆಯನ್ನು ತಪ್ಪದೆ ನುಂಗುತ್ತಾನೆ. ಮೂರು ತಿಂಗಳಿಗೊಮ್ಮೆ ವೈದ್ಯರಲ್ಲಿಗೆ ಹೋದಾಗ ಅವರು, "ಇವಲ್ಲದೆ ಬೇರೆ ಯಾವ ಔಷಧವನ್ನಾದರೂ ಉಪಯೋಗಿಸುತ್ತಿದ್ದೀರಾ?" ಎಂದು ಕೇಳುತ್ತಾರೆ. "ಏನೂ ಇಲ್ಲ ಡಾಕ್ಟರೇ" ಎಂದು ಇವನು ಉತ್ತರ ಕೊಡುತ್ತಾನೆ. ಮನೆಯ ಬೀರುವಿನಲ್ಲಿ, ಬಟ್ಟೆಗಳ ಹಿಂದೆ, ತಲೆಗೆ ಹಚ್ಚುವ ಔಷಧದ ಸೀಸೆಯೊಂದಿದೆ. ಸ್ನೇಹಿತನೊಬ್ಬನ ಮಾತಿನಿಂದ ತಂದ ಮಾತ್ರೆಗಳೂ ಇವೆ. ಇವನು ಸುಳ್ಳುಗಾರನಲ್ಲ. ಅಂಗಡಿಯವನು ಹೆಚ್ಚಾಗಿ ಕೊಟ್ಟ ಚಿಲ್ಲರೆಯನ್ನು ಹಿಂದಿರುಗಿಸುವವನು. ಆದರೂ ತನ್ನ ಪ್ರಾಣಕ್ಕೆ ಸಂಬಂಧಪಟ್ಟ ಒಂದು ಪ್ರಶ್ನೆಗೆ, ತನ್ನ ಪ್ರಾಣವನ್ನು ಕಾಯುವವರ ಮುಂದೆಯೇ, ಸುಳ್ಳನ್ನು ಹೇಳಿದನು. ಇವನ ತಪ್ಪು ಯಾವುದು? ಕೂದಲನ್ನು ಬಯಸಿದ್ದೇ, ಅಥವಾ ಆ ಬಯಕೆಯನ್ನು ಮುಚ್ಚಿಟ್ಟದ್ದೇ?

ಬಯಸಿದ್ದೇ ತಪ್ಪೆಂದು ಹೇಳುವವರ ಪಕ್ಷವು ದುರ್ಬಲವಾದದ್ದೇನೂ ಅಲ್ಲ. ಚರಕಸಂಹಿತೆಯು ಸೂತ್ರಸ್ಥಾನದಲ್ಲಿ ಮನುಷ್ಯನ ಏಷಣೆಗಳನ್ನು ಮೂರೆಂದು ಎಣಿಸಿ, ಪ್ರಾಣೈಷಣೆಗೆ ಮೊದಲನೆಯ ಸ್ಥಾನವನ್ನು ಕೊಟ್ಟಿದೆ. ಪ್ರಾಣವು ಹೋದರೆ ಸರ್ವವೂ ಹೋದಂತೆಯೇ ಎಂಬುದು ಅದಕ್ಕೆ ಕಾರಣ. ಧನೈಷಣೆಯೂ ಪರಲೋಕೈಷಣೆಯೂ ಅದರ ಹಿಂದೆ ಬರುತ್ತವೆ. ಕೇಶೈಷಣೆಯೆಂಬ ನಾಲ್ಕನೆಯದನ್ನು ಯಾವ ಋಷಿಯೂ ಹೇಳಿಲ್ಲ. ಬೋಳುತಲೆಯಿಂದ ಸತ್ತವರಿಲ್ಲ, ರಕ್ತದ ಒತ್ತಡದಿಂದ ಸತ್ತವರು ಅಸಂಖ್ಯಾತರು. ಹೀಗಿರುವಲ್ಲಿ ಎದೆಯ ರೋಗವುಳ್ಳವನು ತಲೆಯ ಶೋಭೆಗಾಗಿ ಹೊಸ ಔಷಧವನ್ನು ಮೈಗೆ ಸೇರಿಸುವುದು, ಮನೆಯ ತೊಲೆಯು ಬಿರುಕುಬಿಟ್ಟಿರುವಾಗ ಬಾಗಿಲಿಗೆ ಬಣ್ಣ ಬಳಿಯಿಸಿದಂತೆ, ಎಂದು ಈ ಪಕ್ಷದವರು ಹೇಳುತ್ತಾರೆ.

ಮಾತು ಚೆನ್ನಾಗಿದೆ. ಆದರೆ ಕೂದಲು ಏನೂ ಅಲ್ಲವೆಂದು ಹೇಳುವ ಸಮಾಜವು ಎಂದೂ ಹಾಗೆ ನಡೆದುಕೊಂಡಿಲ್ಲ. ಈ ನಾಡಿನ ಕೆಲವು ಮನೆತನಗಳಲ್ಲಿ ಗಂಡ ಸತ್ತ ಹೆಣ್ಣುಮಕ್ಕಳ ತಲೆಯನ್ನು ಬೋಳಿಸುವ ಕ್ರೂರವಾದ ಪದ್ಧತಿಯು ಬಹುಕಾಲ ನಡೆದುಬಂದಿತು. ಕೆಂಪು ಸೀರೆಯ ಸೆರಗನ್ನು ಹಣೆಯವರೆಗೂ ಎಳೆದುಕೊಂಡು ಅಡಿಗೆಮನೆಯ ಕತ್ತಲೆಯಲ್ಲಿ ಆಯುಷ್ಯವನ್ನು ಕಳೆದ ಆ ಅಜ್ಜಿಯರಿಂದ ಅಪಹರಿಸಿದ್ದು ಬರಿಯ ಕೂದಲಾಗಿದ್ದರೆ, ಅದನ್ನು ಅಪಹರಿಸಲೇಬೇಕೆಂಬ ಹಟವು ಹಿರಿಯರಿಗೆ ಏಕಿದ್ದಿತು? ಕೂದಲಿನೊಡನೆ ಏನು ಹೋಗುವುದೆಂಬುದು ಬೋಳಿಸಿದವರಿಗೂ ಚೆನ್ನಾಗಿ ಗೊತ್ತಿದ್ದಿತು. ದ್ರೌಪದಿಯ ಬಿಚ್ಚಿದ ಮುಡಿಯನ್ನು ತೆಗೆದುಬಿಟ್ಟರೆ ರನ್ನನ ಗದಾಯುದ್ಧದಲ್ಲಿ ಭೀಮನ ಕೋಪಕ್ಕೆ ಆಧಾರವೆಲ್ಲಿ ಉಳಿಯುವುದು? ತಿರುಪತಿಯಲ್ಲಿಯೂ ನಂಜನಗೂಡಿನಲ್ಲಿಯೂ ಭಕ್ತರು ಮುಡಿಯನ್ನು ಒಪ್ಪಿಸುತ್ತಾರೆ. ಸಂನ್ಯಾಸಿಯು ಶಿಖೆಯನ್ನು ತೆಗೆಯಿಸುತ್ತಾನೆ. ಬೆಲೆಯಿಲ್ಲದ ವಸ್ತುವನ್ನು ದೇವರಿಗೆ ಒಪ್ಪಿಸುವ ರೂಢಿಯಿಲ್ಲ. ಕೊಟ್ಟದ್ದಕ್ಕೂ ಕಿತ್ತುಕೊಂಡದ್ದಕ್ಕೂ ಇರುವ ಅಂತರವು ಇಲ್ಲಿ ಮುಖ್ಯವಾದದ್ದು. ವಂಶದಿಂದ ಬಂದ ಬೋಳುತನವು ಕೇಳದೆಯೇ ಕಿತ್ತುಕೊಳ್ಳುವ ಜಾತಿಗೆ ಸೇರಿದ್ದು.

ಅದು ವಂಶದಿಂದ ಬಂದದ್ದೆಂಬುದನ್ನೂ ಒತ್ತಿ ಹೇಳಬೇಕಾಗಿದೆ. ಏಕೆಂದರೆ ಬೋಳುತಲೆಯವನಿಗೆ ನಗೆಯೊಡನೆ ಉಪದೇಶವೂ ಪುಕ್ಕಟೆಯಾಗಿ ದೊರೆಯುತ್ತದೆ: ಎಣ್ಣೆ ಹಚ್ಚಲಿಲ್ಲ, ನಿದ್ದೆಗೆಟ್ಟನು, ಟೋಪಿ ಹಾಕಿದನು, ಚಿಂತೆ ಮಾಡಿದನು, ಇತ್ಯಾದಿ. ಪ್ರಾಚೀನ ವೈದ್ಯರು ಇದನ್ನು ಗಮನವಿಟ್ಟು ನೋಡಿದ್ದರು. ರೋಮಕೂಪವನ್ನು ಸೇರಿದ ಪಿತ್ತವು ವಾತದೊಡನೆ ಕೂಡಿ ಕೂದಲನ್ನು ಉದುರಿಸುತ್ತದೆ, ಬಳಿಕ ರಕ್ತದೊಡನೆ ಕೂಡಿದ ಕಫವು ಆ ಕೂಪವನ್ನು ಮುಚ್ಚಿ ಬೇರೆ ಕೂದಲು ಹುಟ್ಟದಂತೆ ಮಾಡುತ್ತದೆ, ಎಂದು ಸುಶ್ರುತನು ವಿವರಿಸಿದನು. ಒಮ್ಮೆಗೇ ಉದುರುವುದು ಬೇರೆ, ಕ್ರಮಕ್ರಮವಾಗಿ ಉದುರುವ ಖಲತಿಯು ಬೇರೆ ಎಂಬ ಭೇದವನ್ನು ವಾಗ್ಭಟನು ಕಂಡನು. ನಪುಂಸಕರಿಗೆ ತಲೆ ಬೋಳಾಗುವುದಿಲ್ಲವೆಂಬುದು ಗ್ರೀಸಿನ ಹಿಪ್ಪೋಕ್ರಟೀಸನ ಸೂತ್ರಗಳಲ್ಲಿದೆ. ಇದರ ಮರ್ಮವನ್ನು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ಪ್ರಕಟಿಸಿದನು: ವೃಷಣಗಳಿಲ್ಲದವರಿಗೆ ಬೋಳುತನ ಬರುವುದಿಲ್ಲ, ಆದರೆ ಅಂಥವರಲ್ಲಿ ವಂಶದ ಗುಣವಿದ್ದವರಿಗೆ ಪುರುಷ ಹಾರ್ಮೋನನ್ನು ಕೊಟ್ಟರೆ ಬರುತ್ತದೆ. ಆ ಹಾರ್ಮೋನಿನ ಒಂದು ರೂಪಕ್ಕೆ ವಂಶಗುಣದಿಂದ ಸೋಲುವ ಕೂದಲಿನ ಬೇರು ಒಮ್ಮೆಗೇ ಸಾಯುವುದಿಲ್ಲ. ಪ್ರತಿ ಸುತ್ತಿಗೂ ಕಿರಿದಾಗುತ್ತ, ಕೊನೆಗೆ ಕಣ್ಣಿಗೆ ಕಾಣದಷ್ಟು ನವುರಾದ ಎಳೆಯನ್ನು ಮಾತ್ರ ಹುಟ್ಟಿಸುತ್ತದೆ. ಈ ಗುಣಗಳಲ್ಲಿ ಪ್ರಮುಖವಾದ ಒಂದು ತಾಯಿಯ ಕಡೆಯಿಂದ ಬರುತ್ತದೆ. ಉಳಿದವು ಎರಡು ಕಡೆಗಳಿಂದಲೂ ಬರುತ್ತವೆ. ಟೋಪಿಯ ಮೇಲಿನ ಅಪವಾದವನ್ನು ಇನ್ನಾದರೂ ಬಿಡಬಹುದು.

ಬಯಕೆಯು ನೀಚವಲ್ಲವೆಂದು ಇಷ್ಟರಿಂದ ಸಿದ್ಧವಾದರೂ, ಅದನ್ನು ತೀರಿಸಿಕೊಳ್ಳುವ ದಾರಿಯು ನಿರಪಾಯವೆಂದು ಸಿದ್ಧವಾಗಲಿಲ್ಲ. ಇಲ್ಲಿಗೆ ಒಪ್ಪುವ ಅಳತೆಗೋಲನ್ನು ಚರಕನೂ ವಾಗ್ಭಟನೂ ಕೊಟ್ಟಿದ್ದಾರೆ. ಒಂದು ರೋಗವನ್ನು ಅಡಗಿಸಿ ಮತ್ತೊಂದನ್ನು ಕೆರಳಿಸುವ ಚಿಕಿತ್ಸೆಯು ಶುದ್ಧವಾದದ್ದಲ್ಲ. ಅಡಗಿಸಬೇಕಾದದ್ದನ್ನು ಅಡಗಿಸಿ ಬೇರೊಂದನ್ನು ಕೆರಳಿಸದಿರುವುದೇ ಶುದ್ಧ ಚಿಕಿತ್ಸೆ, ಎಂಬುದು ಅವರ ಅಭಿಪ್ರಾಯ. ಎರಡು ವ್ಯಾಧಿಗಳುಳ್ಳವನಿಗೆ ಇದಕ್ಕಿಂತ ಹತ್ತಿರದ ಮಾತು ಮತ್ತೊಂದಿಲ್ಲ.

ಆ ಗೃಹಸ್ಥನ ಸೀಸೆಯಲ್ಲಿರುವ ಮಿನಾಕ್ಸಿಡಿಲ್ ಎಂಬ ಔಷಧದ ಚರಿತ್ರೆಯನ್ನು ನೋಡಿದರೆ ವಿಧಿಯ ವಿನೋದವು ಎಂಥದೆಂದು ತಿಳಿಯುತ್ತದೆ. ಅದು ಕೂದಲಿಗಾಗಿ ಹುಟ್ಟಿದ ಔಷಧವೇ ಅಲ್ಲ. ಅಮೆರಿಕದ ಅಪ್‌ಜಾನ್ ಎಂಬ ಕಂಪೆನಿಯಲ್ಲಿ ಸಿದ್ಧವಾಗಿ, ರಕ್ತನಾಳಗಳನ್ನು ಸಡಿಲಿಸುವ ಗುಣದಿಂದಾಗಿ, ಬೇರೆ ಔಷಧಗಳಿಗೆ ಬಗ್ಗದ ರಕ್ತದ ಒತ್ತಡಕ್ಕೆಂದು 1979ರಲ್ಲಿ ಮಾತ್ರೆಯ ರೂಪದಲ್ಲಿ ಅಂಗೀಕೃತವಾಯಿತು. ಆ ಮಾತ್ರೆಯನ್ನು ನುಂಗಿದವರಲ್ಲಿ ಐವರಿಗೆ ನಾಲ್ವರಂತೆ ಮುಖ, ತೋಳು, ಬೆನ್ನುಗಳ ಮೇಲೆ ಬೇಡದ ಕೂದಲು ಬೆಳೆಯಿತು. ಬೇಡದ ಕಡೆ ಬೆಳೆಸುವ ಔಷಧವು ಬೇಕಾದ ಕಡೆಯೂ ಬೆಳೆಸೀತೆಂಬ ಊಹೆಯಿಂದ ಅದನ್ನು ದ್ರವರೂಪಕ್ಕೆ ತಂದರು. 1988ರಲ್ಲಿ ಅದು ಬೋಳುತಲೆಯ ಔಷಧವಾಗಿ ಅಂಗೀಕಾರವನ್ನು ಪಡೆಯಿತು. ಅಂದರೆ ಗೃಹಸ್ಥನು ಯಾವ ವ್ಯಾಧಿಗೆಂದು ವೈದ್ಯರಲ್ಲಿಗೆ ಹೋಗುತ್ತಾನೋ, ಅದೇ ವ್ಯಾಧಿಯ ಔಷಧವೊಂದನ್ನು ವೈದ್ಯರಿಂದಲೇ ಬಚ್ಚಿಟ್ಟಿದ್ದಾನೆ.

ಹಚ್ಚುವ ದ್ರವದಲ್ಲಿ ಅಪಾಯವು ಸ್ವಲ್ಪ. ಹುಣ್ಣು, ಗಾಯಗಳಿಲ್ಲದ ನೆತ್ತಿಯ ಮೂಲಕ ರಕ್ತಕ್ಕೆ ಸೇರುವುದು ನೂರಕ್ಕೆ ಒಂದೆರಡು ಪಾಲು ಮಾತ್ರ. ಹಾಗಿದ್ದರೂ ಹೃದ್ರೋಗವುಳ್ಳವರು ವೈದ್ಯರನ್ನು ಕೇಳಿಯೇ ಹಚ್ಚಬೇಕೆಂದೂ, ಎದೆನೋವು, ಎದೆಯ ಬಡಿತದ ವೇಗ, ತಲೆಸುತ್ತು, ಕೈಕಾಲುಗಳ ಬಾವು, ಕಾರಣವಿಲ್ಲದೆ ತೂಕವೇರುವುದು ಇವುಗಳಲ್ಲಿ ಯಾವುದು ಕಂಡರೂ ನಿಲ್ಲಿಸಬೇಕೆಂದೂ ಸೀಸೆಯೊಡನೆ ಬರುವ ಕಾಗದದಲ್ಲಿಯೇ ಅಚ್ಚಾಗಿರುತ್ತದೆ. (ಮನೆಯಲ್ಲಿ ಬೆಕ್ಕಿದ್ದರೆ ಇನ್ನೊಂದು ಎಚ್ಚರಿಕೆಯೂ ಬೇಕು, ಈ ದ್ರವವು ಸೋಂಕಿದ ದಿಂಬನ್ನು ನೆಕ್ಕಿದರೂ ಬೆಕ್ಕಿನ ಪ್ರಾಣಕ್ಕೆ ಮುಳುವಾಗಬಹುದು.) ಮಾತ್ರೆಯ ವಿಷಯವು ಬೇರೆ. ರಕ್ತದ ಒತ್ತಡಕ್ಕೆ ದಿನಕ್ಕೆ 10ರಿಂದ 40 ಮಿಲಿಗ್ರಾಮಿನವರೆಗೆ ಕೊಡುತ್ತಿದ್ದ ಆ ಮಾತ್ರೆಯು ದೇಹದಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಡುತ್ತದೆ, ಎದೆಯ ಬಡಿತವನ್ನು ಹೆಚ್ಚಿಸುತ್ತದೆ, ಕೆಲವರಲ್ಲಿ ಹೃದಯದ ಸುತ್ತಲಿನ ಪೊರೆಯೊಳಗೆ ನೀರನ್ನು ತುಂಬಿಸುತ್ತದೆ. ಆದುದರಿಂದಲೇ ಅದನ್ನು ಒಂಟಿಯಾಗಿ ಕೊಡದೆ, ಮೂತ್ರವನ್ನು ಹೆಚ್ಚಿಸುವ ಔಷಧದೊಡನೆಯೂ ಬಡಿತವನ್ನು ತಗ್ಗಿಸುವ ಔಷಧದೊಡನೆಯೂ ಕೊಡುವ ನಿಯಮವಾಯಿತು. ಈಚಿನ ವರ್ಷಗಳಲ್ಲಿ ಚರ್ಮವೈದ್ಯರು ಕೂದಲಿಗಾಗಿ ಈ ಮಾತ್ರೆಯನ್ನು 5 ಮಿಲಿಗ್ರಾಮಿಗೆ ಮೀರದ ಅಲ್ಪಪ್ರಮಾಣದಲ್ಲಿ ಕೊಡುತ್ತಿದ್ದಾರೆ. ಅನೇಕರಿಗೆ ಅದು ಸಹಿಸುತ್ತದೆ. ರಕ್ತದ ಒತ್ತಡವಿದ್ದವರಿಗೂ ಸರ್ವಥಾ ನಿಷಿದ್ಧವೆಂದಲ್ಲ. ಆದರೆ ಹೃದಯದ ಸ್ಥಿತಿಯನ್ನು ಬಲ್ಲವರಿಗೆ ಅದು ತಿಳಿದಿರಬೇಕು. ತಿಳಿಯದಿದ್ದರೆ ಗೃಹಸ್ಥನ ಪಾದವು ಊದಿದಾಗ ವೈದ್ಯರು ಊತದ ಕಾರಣವನ್ನು ತಾವು ಕೊಟ್ಟ ಔಷಧದಲ್ಲಿಯೋ ಮೂತ್ರಪಿಂಡದಲ್ಲಿಯೋ ಹುಡುಕುತ್ತ, ಇಲ್ಲದ ರೋಗಕ್ಕೆ ಮೂರನೆಯ ಮಾತ್ರೆಯನ್ನು ಬರೆದುಕೊಟ್ಟಾರು.

ಬಚ್ಚಿಟ್ಟ ಔಷಧವು ಹೀಗೆ ಎರಡು ಬಗೆಯಲ್ಲಿ ಕೆಡುಕನ್ನು ಮಾಡುತ್ತದೆ. ಒಂದು, ತನ್ನ ಗುಣದಿಂದ. ಇನ್ನೊಂದು, ವೈದ್ಯರ ಕಣ್ಣಿಗೆ ಕಟ್ಟುವ ಬಟ್ಟೆಯಿಂದ. ಎರಡನೆಯದೇ ಎಷ್ಟೋ ವೇಳೆ ಹೆಚ್ಚು ಭಯಂಕರವಾದದ್ದು. ಫಿನಾಸ್ಟರೈಡ್ ಎಂಬ ಮಾತ್ರೆಯು ಇದಕ್ಕೆ ಒಳ್ಳೆಯ ನಿದರ್ಶನ. ಡೊಮಿನಿಕನ್ ಗಣರಾಜ್ಯದ ಸಲಿನಾಸ್ ಎಂಬ ಹಳ್ಳಿಯಲ್ಲಿ, ಹಾರ್ಮೋನಿನ ಆ ರೂಪವನ್ನು ತಯಾರಿಸಲಾರದ ಕೆಲವು ಮನೆತನದವರಿದ್ದರು. ಅವರ ಗಂಡಸರಿಗೆ ಮುಪ್ಪಿನಲ್ಲಿಯೂ ಪ್ರಾಸ್ಟೇಟ್ ಗ್ರಂಥಿಯು ಚಿಕ್ಕದಾಗಿಯೇ ಉಳಿಯುತ್ತಿದ್ದಿತು, ತಲೆಯು ಬೋಳಾಗುತ್ತಿರಲಿಲ್ಲ. ಇವರ ವೃತ್ತಾಂತವು 1974ರಲ್ಲಿ ಪ್ರಕಟವಾಯಿತು. ಅದೇ ಮಾರ್ಗದಲ್ಲಿ ಸಿದ್ಧವಾದ ಈ ಮಾತ್ರೆಯು 1992ರಲ್ಲಿ 5 ಮಿಲಿಗ್ರಾಮಿನ ಪ್ರಮಾಣದಲ್ಲಿ ಪ್ರಾಸ್ಟೇಟಿಗೂ, 1997ರಲ್ಲಿ 1 ಮಿಲಿಗ್ರಾಮಿನ ಪ್ರಮಾಣದಲ್ಲಿ ಗಂಡಸರ ಬೋಳುತನಕ್ಕೂ ಅಂಗೀಕೃತವಾಯಿತು. ಪ್ರಾಸ್ಟೇಟಿನ ಅರ್ಬುದವನ್ನು ಶಂಕಿಸುವುದಕ್ಕೆ ಆಧಾರವಾದ ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯ ಅಂಕಿಯನ್ನು ಇದು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಇದನ್ನರಿತ ವೈದ್ಯರು ಬಂದ ಅಂಕಿಯನ್ನು ಇಮ್ಮಡಿಮಾಡಿ ಓದುತ್ತಾರೆ. ಅರಿಯದವರು, "ಚಿಂತೆಯಿಲ್ಲ, ಹೋಗಿ ಬನ್ನಿ" ಎನ್ನುತ್ತಾರೆ. ಆ ಸಮಾಧಾನದ ಮಾತು ರೋಗಿಗೆ ಎಷ್ಟು ದುಬಾರಿಯಾಗಬಹುದೆಂಬುದನ್ನು ವಾಚಕರೇ ಊಹಿಸಬಹುದು. ಮನೋವ್ಯಾಕುಲದ ವ್ಯಾಧಿಯುಳ್ಳವರಿಗೆ ಈ ಮಾತ್ರೆಯ ವಿಷಯದಲ್ಲಿ ಬೇರೆ ಎಚ್ಚರವು ಬೇಕು. ಇದರಿಂದ ಆತ್ಮಹತ್ಯೆಯ ಯೋಚನೆಗಳು ಬರಬಹುದೆಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು 2025ರಲ್ಲಿ ದೃಢಪಡಿಸಿತು. ಗರ್ಭಿಣಿಯು ಪುಡಿಯಾದ ಮಾತ್ರೆಯನ್ನು ಮುಟ್ಟಲೂಬಾರದು.

ಇವು ಔಷಧಗಳೆಂಬ ಪ್ರಜ್ಞೆಯಾದರೂ ಜನರಲ್ಲಿದೆ. ಬಯೋಟಿನ್ ಎಂಬ ಜೀವಸತ್ವದ ಗುಳಿಗೆಯನ್ನು ಯಾರೂ ಔಷಧವೆಂದೇ ಎಣಿಸುವುದಿಲ್ಲ. ದೇಹಕ್ಕೆ ದಿನಕ್ಕೆ 30 ಮೈಕ್ರೋಗ್ರಾಮು ಸಾಕಾದರೆ, ಕೂದಲಿಗೆಂದು ಮಾರುವ ಗುಳಿಗೆಗಳಲ್ಲಿ ಅದು 5,000 ಅಥವಾ 10,000 ಮೈಕ್ರೋಗ್ರಾಮು ಇರುವುದುಂಟು. ವಂಶಪರಂಪರೆಯ ಬೋಳುತನಕ್ಕೆ ಇದರಿಂದ ಪ್ರಯೋಜನವಾಗುವುದೆಂಬುದಕ್ಕೆ ಸರಿಯಾದ ಸಾಕ್ಷ್ಯವಿಲ್ಲ. ಆದರೆ ರಕ್ತಪರೀಕ್ಷೆಯನ್ನು ವಂಚಿಸುವ ಶಕ್ತಿಯು ಇದಕ್ಕಿದೆ. ಥೈರಾಯ್ಡಿನ ಅಂಕಿಗಳು ತಲೆಕೆಳಗಾಗುತ್ತವೆ. ಹೃದಯಾಘಾತವನ್ನು ಹೊರಗೆಡಹುವ ಟ್ರೋಪೋನಿನ್ ಎಂಬ ಪರೀಕ್ಷೆಯು, ಆಘಾತವಾಗಿದ್ದರೂ ಆಗಿಲ್ಲವೆಂದು ತೋರಿಸೀತು. ಹೀಗೆ ಒಂದು ಮರಣವು ವರದಿಯಾದುದನ್ನು ಹೇಳಿ, ಅಮೆರಿಕದ ಔಷಧ ಇಲಾಖೆಯು 2017ರಲ್ಲಿ ಎಚ್ಚರಿಕೆಯನ್ನು ಹೊರಡಿಸಿತು. ಕೂದಲು ನೆಡಿಸಿಕೊಳ್ಳುವ ಶಸ್ತ್ರಚಿಕಿತ್ಸೆಯಲ್ಲಿಯೂ ಇಂಥದೇ ಒಂದು ಗಂಡಾಂತರವಿದೆ: ಹೃದಯದ ನಾಳದಲ್ಲಿ ಸ್ಟೆಂಟ್ ಇರಿಸಿಕೊಂಡವನು, ರಕ್ತಸ್ರಾವವಾಗದಿರಲೆಂದು ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾನೇ ನಾಲ್ಕು ದಿನ ನಿಲ್ಲಿಸಿದರೆ ಆ ನಾಳವೇ ಮುಚ್ಚಿಕೊಂಡೀತು.

ವೈದ್ಯರಿಗೆ ಹೇಳಿದ್ದರೆ ಇನ್ನೊಂದು ಲಾಭವೂ ಇದ್ದಿತು. ಉದುರುವ ಕೂದಲೆಲ್ಲವೂ ವಂಶದಿಂದಲೇ ಉದುರುವುದಿಲ್ಲ. ಥೈರಾಯ್ಡಿನ ವಿಕಾರ, ಕಬ್ಬಿಣದ ಕೊರತೆ, ಎರಡು ಮೂರು ತಿಂಗಳ ಹಿಂದೆ ಬಂದುಹೋದ ದೊಡ್ಡ ಜ್ವರ ಇವೂ ಕಾರಣಗಳಾಗುತ್ತವೆ. ರಕ್ತದ ಒತ್ತಡದ ಕೆಲವು ಮಾತ್ರೆಗಳಿಂದಲೂ ಕೂದಲು ಉದುರುವುದುಂಟು. ಹಾಗಿದ್ದ ಪಕ್ಷದಲ್ಲಿ ಒಂದು ಮಾತ್ರೆಯನ್ನು ಬದಲಾಯಿಸುವುದರಿಂದ ತೀರುತ್ತಿದ್ದ ಕೆಲಸಕ್ಕೆ ಎರಡು ಹೊಸ ಔಷಧಗಳು ಸೇರಿದಂತಾಯಿತು.

ಯಯಾತಿಯ ಉಪಾಖ್ಯಾನವನ್ನು ಇಲ್ಲಿ ನೆನೆಯಬಹುದು. ಶುಕ್ರಾಚಾರ್ಯನ ಶಾಪದಿಂದ ಅಕಾಲದಲ್ಲಿ ಮುಪ್ಪಡಸಿದಾಗ ಆ ರಾಜನು ಮಕ್ಕಳ ಯೌವನವನ್ನು ಬೇಡಿದನು. ಅವನನ್ನು ಕಾಮುಕನೆಂದು ಹಳಿಯುವುದು ವಾಡಿಕೆ. ಆದರೆ ಒಂದು ಗುಣವನ್ನು ಅವನಿಗೆ ಸಲ್ಲಿಸಬೇಕು: ಅವನು ಕೇಳಿ ತೆಗೆದುಕೊಂಡನು. ನಾಲ್ವರು ಒಲ್ಲೆವೆಂದರು; ಪೂರುವು, ತಾನು ಕಳೆದುಕೊಳ್ಳುವುದೇನೆಂಬುದನ್ನು ತಿಳಿದೇ ಒಪ್ಪಿದನು. ಗೃಹಸ್ಥನ ದೇಹದಲ್ಲಿಯೂ ತಲೆಯು ತನ್ನ ಯೌವನಕ್ಕಾಗಿ ಎದೆಯಿಂದ ಸಾಲವನ್ನೆತ್ತುತ್ತಿದೆ. ಎದೆಯು ಪೂರುವಿನಂತೆ ಮಾತನಾಡಲಾರದು. ಅದರ ಪರವಾಗಿ ಮಾತನಾಡಬಲ್ಲವರು ವೈದ್ಯರೊಬ್ಬರೇ. ಅವರಿಗೆ ತಿಳಿಸದೆ ನಡೆಯಿಸಿದ ಈ ವ್ಯವಹಾರವು, ಯಯಾತಿಯು ಮಗನನ್ನು ಕೇಳದೆಯೇ ಅವನು ಮಲಗಿದ್ದಾಗ ಯೌವನವನ್ನು ಕದ್ದಂತಾಯಿತು.

ಹಾಗಾದರೆ ಅಪರಾಧವೆಲ್ಲವೂ ಗೃಹಸ್ಥನದೇ ಎಂದು ಮುಗಿಸಿಬಿಡಬಹುದೇ? ಪ್ರಾಪ್ತವಯಸ್ಕನಾದವನು ತನ್ನ ಬಾಯಿಂದ ಬಂದ ಸುಳ್ಳಿಗೆ ತಾನೇ ಹೊಣೆಯೆಂಬುದು ನಿಜ. ಆದರೆ ಆ ಸುಳ್ಳು ಬೆಳೆದ ನೆಲವನ್ನೂ ನೋಡಬೇಕು. ಮೂಲವ್ಯಾಧಿಯನ್ನೂ ಮಧುಮೇಹವನ್ನೂ ಹೇಳಿಕೊಂಡ ಅದೇ ನಾಲಗೆಯು ಇಲ್ಲಿ ಮಾತ್ರ ತಡೆದು ನಿಂತಿತು. ಹುಡುಗನಾಗಿದ್ದಾಗಿನಿಂದ ತಂದೆಯ ತಲೆಯ ಮೇಲೆ ಕೇಳಿದ ಹಾಸ್ಯ, ಮದುವೆಮನೆಯಲ್ಲಿ ಭಾವಮೈದುನರು ಆಡಿದ ಮಾತು, ಕ್ಷೌರದ ಅಂಗಡಿಯಲ್ಲಿ "ನಿಮಗೆ ಅರ್ಧ ಕೂಲಿ ಸಾಕು ಸ್ವಾಮಿ" ಎಂದ ವಿನೋದ, ಇವೆಲ್ಲವೂ ಕೂಡಿ ಅವನ ಬಾಯನ್ನು ಹೊಲಿದಿದ್ದವು. ಒಂದು ವೇಳೆ ಅವನು ಹೇಳಿದ್ದರೆ ವೈದ್ಯರು ಏನೆನ್ನುತ್ತಿದ್ದರು? "ಈ ವಯಸ್ಸಿನಲ್ಲಿ ಇದೆಲ್ಲ ಏಕೆ? ಮೊದಲು ಬಿ.ಪಿ. ನೋಡಿಕೊಳ್ಳಿ" ಎಂದು ನಕ್ಕು ಮುಂದಿನ ರೋಗಿಯನ್ನು ಕರೆಯುವವರೂ ಇದ್ದಾರೆ. ಅವರ ಮಾತಿನಲ್ಲಿ ಹಿತವಿಲ್ಲದಿಲ್ಲ. ಆದರೆ ಆ ನಗೆಯನ್ನು ಒಮ್ಮೆ ಕೇಳಿದ ರೋಗಿಯು ಔಷಧವನ್ನು ಬಿಡುವುದಿಲ್ಲ, ಹೇಳುವುದನ್ನು ಮಾತ್ರ ಬಿಡುತ್ತಾನೆ. ಅಪಾಯವೆಷ್ಟೆಂಬುದನ್ನು ಅಳೆದು ಹೇಳುವುದು ವೈದ್ಯರ ಅಧಿಕಾರ. ಇಂಥ ಮಾತ್ರೆಯು ನಿನ್ನ ಹೃದಯಕ್ಕೆ ಸಲ್ಲದು ಎಂದು ಅವರು ಖಂಡಿತವಾಗಿ ಹೇಳಬಹುದು, ಹೇಳಲೂಬೇಕು. ಬಯಕೆಯ ಬೆಲೆಯೆಷ್ಟೆಂಬುದನ್ನು ಅವರು ಅಳೆಯಲಾರರು. ಅದು ದಿನವೂ ಕನ್ನಡಿಯ ಮುಂದೆ ನಿಲ್ಲುವವನ ಲೆಕ್ಕ. ಈ ಎರಡು ಲೆಕ್ಕಗಳನ್ನು ಒಂದೇ ಮೇಜಿನ ಮೇಲೆ ಇಟ್ಟರೆ, ಹಚ್ಚುವ ದ್ರವವನ್ನು ಉಳಿಸಿಕೊಂಡು ಮಾತ್ರೆಯನ್ನು ಬಿಡುವವನೂ, ಎರಡನ್ನೂ ಬಿಟ್ಟು ತಲೆಯನ್ನು ನುಣ್ಣಗೆ ಕ್ಷೌರ ಮಾಡಿಸಿಕೊಳ್ಳುವವನೂ, ಟೋಪನ್ನು ಧರಿಸುವವನೂ ಇದ್ದಾರು. ಹಚ್ಚುವ ದ್ರವದ ಫಲವು ಕಾಣಲು ನಾಲ್ಕು ತಿಂಗಳಾದರೂ ಬೇಕು, ಬಿಟ್ಟರೆ ಕೆಲವೇ ತಿಂಗಳುಗಳಲ್ಲಿ ಬಂದದ್ದೆಲ್ಲವೂ ಹೋಗುತ್ತದೆ ಎಂಬುದನ್ನು ಮೊದಲೇ ಕೇಳಿದ್ದರೆ ಆರಂಭಿಸದೆಯೇ ಇರುವವರೂ ಕೆಲವರು.

ದೃಷ್ಟಾಂತದ ಗೃಹಸ್ಥನನ್ನು ಬೀರುವಿನ ಮುಂದೆಯೇ ಬಿಟ್ಟುಬಿಡುವುದು ನ್ಯಾಯವಲ್ಲ. ಮುಂದಿನ ಸಲ ಅವನ ಕಾಲು ಊದಿತು. ಭಯವು ಲಜ್ಜೆಯನ್ನು ಗೆದ್ದಿತು. ಸೀಸೆಯನ್ನೂ ಮಾತ್ರೆಯ ಪೊಟ್ಟಣವನ್ನೂ ಕರವಸ್ತ್ರದಲ್ಲಿ ಸುತ್ತಿಕೊಂಡು ಹೋಗಿ, ಹೊರಗಿನವರು ಎದ್ದುಹೋದ ಮೇಲೆ ಮೇಜಿನ ಮೇಲೆ ಇಟ್ಟನು. ವೈದ್ಯರು ನಗಲಿಲ್ಲ. ಹೆಸರನ್ನು ಓದಿದರು, ಎಷ್ಟು ದಿನಗಳಿಂದ ಎಂದು ಕೇಳಿದರು, ನಾಡಿಯನ್ನು ಎಣಿಸಿದರು, ಪಾದದ ಮೇಲೆ ಬೆರಳನ್ನೊತ್ತಿ ಹಳ್ಳ ಬೀಳುವುದೇ ಎಂದು ನೋಡಿದರು. "ಮಾತ್ರೆಯನ್ನು ಇಂದೇ ನಿಲ್ಲಿಸಿ. ನಾಳೆ ಎದೆಯ ಸ್ಕ್ಯಾನ್ ಮಾಡಿಸೋಣ. ಹಚ್ಚುವುದನ್ನೂ ಸದ್ಯಕ್ಕೆ ಬಿಡಿ. ಊತ ಇಳಿದ ಮೇಲೆ ಅದರ ಮಾತು. ಚರ್ಮದ ಡಾಕ್ಟರಿಗೆ ನಾನೇ ಬರೆದುಕೊಡುತ್ತೇನೆ, ನಿಮ್ಮ ಬಿ.ಪಿ. ವಿಷಯ ಅವರಿಗೂ ತಿಳಿದಿರಲಿ. ದಿನವೂ ಬೆಳಗ್ಗೆ ತೂಕವನ್ನು ನೋಡಿ ಬರೆದಿಡಿ" ಎಂದರು. ಗೃಹಸ್ಥನು ಮೂಲೆಯಲ್ಲಿದ್ದ ತಕ್ಕಡಿಯ ಮೇಲೆ ನಿಂತು, ಆ ದಿನದ ತೂಕವನ್ನು ಔಷಧದ ಚೀಟಿಯ ಹಿಂದೆ ಬರೆದುಕೊಂಡನು.